ಸೂಲಗಿತ್ತಿ ಅಜ್ಜಿಯ ಋಣ

ಹಿರಿಯರೊಬ್ಬರು ತೀರಿಕೊಂಡಾಗ ಅವರು ಪಡೆದ ಪದವಿಗಳನ್ನೂ, ಬರೆದ ಗ್ರಂಥಗಳನ್ನೂ, ಅಲಂಕರಿಸಿದ ಅಧಿಕಾರಸ್ಥಾನಗಳನ್ನೂ ಎಣಿಸಿ ಹೇಳುವದು ಪತ್ರಿಕೆಗಳ ವಾಡಿಕೆ. ಓದುಬರಹವನ್ನರಿಯದೆ, ಯಾವ ಅಧಿಕಾರವನ್ನೂ ಕಾಣದೆ, ಒಂದು ಒಣಸೀಮೆಯ ಹಳ್ಳಿಯಲ್ಲಿ ಕೂಲಿನಾಲಿ ಮಾಡಿಕೊಂಡು ತೊಂಬತ್ತೆಂಟು ವರ್ಷ ಬಾಳಿದ ಅಜ್ಜಿಯೊಬ್ಬರ ವಿಷಯದಲ್ಲಿ ಈ ವಾಡಿಕೆಯಿಂದ ಹೆಚ್ಚಿನ ನೆರವಾಗದು. ಅವರ ಕೃತಿಗಳನ್ನು ನೋಡಬೇಕೆಂದವರು ಪುಸ್ತಕಭಂಡಾರಕ್ಕೆ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ಹಳ್ಳಿಗಳಲ್ಲಿ ಒಂದು ಸುತ್ತು ನಡೆದುಬಂದರೆ ಸಾಕು. ಹೊಲದಲ್ಲಿ ಶೇಂಗಾ ಕೀಳುವ ಹೆಂಗಸರು, ಸಂತೆಯಲ್ಲಿ ಕುರಿ ಮಾರುವ ಗಂಡಸರು, ಊರ ಮುಂದಿನ ಕಟ್ಟೆಯ ಮೇಲೆ ಕುಳಿತ ಮುದುಕರು, ಇವರಲ್ಲಿ ಎಷ್ಟೋ ಜನರು ಈ ಲೋಕದ ಬೆಳಕನ್ನು ಮೊದಲು ಕಂಡದ್ದು ಆ ಅಜ್ಜಿಯ ಅಂಗೈಯ ಮೇಲೆ.

ಅವರ ಹೆಸರು ನರಸಮ್ಮ. ನಾಡು ಅವರನ್ನು ಗುರುತಿಸಿದ್ದು ಸೂಲಗಿತ್ತಿ ನರಸಮ್ಮನೆಂದು. ೧೯೨೦ರಲ್ಲಿ ಪಾವಗಡ ತಾಲೂಕಿನ ಕೃಷ್ಣಾಪುರದಲ್ಲಿ ಹುಟ್ಟಿದ ಅವರು ೨೦೧೮ನೆಯ ಇಸವಿಯ ಡಿಸೆಂಬರ ೨೫ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಶ್ವಾಸಕೋಶದ ಬೇನೆಯಿಂದ ತೀರಿಕೊಂಡರು. ಆ ದೀರ್ಘಾಯುಷ್ಯದ ಎಪ್ಪತ್ತು ವರ್ಷಗಳಷ್ಟು ಕಾಲ ಅವರು ಮಾಡಿದ್ದು ಒಂದೇ ಕೆಲಸ. ನೋವು ತಿನ್ನುವ ಹೆಂಗಸಿನ ಬಳಿಯಲ್ಲಿ ಕುಳಿತು, ಆಕೆಯನ್ನೂ ಆಕೆಯ ಮಗುವನ್ನೂ ಬೇರೆಬೇರೆಯಾಗಿ, ಜೀವಸಹಿತವಾಗಿ, ಮನೆಯವರ ಕೈಗೊಪ್ಪಿಸುವದು. ಹೀಗೆ ಅವರು ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರಕ್ಕೂ ಮೇಲ್ಪಟ್ಟವೆಂದು ಗಣಿಸಲಾಗಿದೆ. ಇದಕ್ಕಾಗಿ ಅವರು ಯಾರಿಂದಲೂ ಹಣವನ್ನು ಬೇಡಿದವರಲ್ಲ.

ಅಜ್ಜಿ ಎಂಬವಳು ಸಾಮಾನ್ಯವಾಗಿ ಒಂದು ಮನೆಯ ಸೊತ್ತು. ಆಕೆಯ ನೆನಪು ಆ ಮನೆಯ ಮಕ್ಕಳು ಮೊಮ್ಮಕ್ಕಳೊಡನೆ ಮುಗಿಯುವದು. ನರಸಮ್ಮನವರನ್ನು ಅಜ್ಜಿಯೆಂದು ಕರೆಯುವ ಹಕ್ಕು ಒಂದು ತಾಲೂಕಿಗೇ ಇದ್ದಿತು. ಆದುದರಿಂದ ಅವರನ್ನು ನೆನೆಯುವದೂ ಅವರ ಋಣವನ್ನು ವಿಚಾರಿಸುವದೂ ಒಂದು ಮನೆತನದ ಕಾರ್ಯವಾಗದೆ ಸಾರ್ವಜನಿಕರ ಕರ್ತವ್ಯವೇ ಆಗಿದೆ.

ಸೂಲಗಿತ್ತಿ ಎಂಬದು ಅಚ್ಚಗನ್ನಡದ ಮಾತು. ಸೂಲು ಎಂದರೆ ಹೆರಿಗೆ. ಅದನ್ನು ಮಾಡಿಸುವವಳು ಸೂಲಗಿತ್ತಿ. ಒಕ್ಕಲುತನ, ಕಮ್ಮಾರಿಕೆ, ಕುಂಬಾರಿಕೆ ಮೊದಲಾದ ಕಸುಬುಗಳಿಗೆ ಹಳ್ಳಿಯಲ್ಲಿ ಆಯವುಂಟು, ಮಾನವುಂಟು, ಮಗನಿಗೆ ಕಲಿಸುವ ಪದ್ಧತಿಯುಂಟು. ಇವೆಲ್ಲವುಗಳಿಗಿಂತಲೂ ಮೊದಲು ಬೇಕಾದ ಈ ಕಸುಬಿಗೆ ಮಾತ್ರ ಅಂಗಡಿಯಿಲ್ಲ, ಹಲಗೆಯಿಲ್ಲ, ಕಾಲನಿಯಮವಿಲ್ಲ. ನಡುರಾತ್ರಿಯಲ್ಲಿ ಬಾಗಿಲು ಬಡಿದ ಸಪ್ಪಳವಾದರೆ ಎದ್ದು ಹೊರಡುವದೇ ಅದರ ನಿಯಮ.

ಅಜ್ಜಿಯಿಂದ ಮೊಮ್ಮಗಳಿಗೆ

ಪಾವಗಡದ ಸೀಮೆಯನ್ನು ನೋಡಿದವರಿಗೆ ಅಲ್ಲಿಯ ಬಾಳು ಎಂಥದೆಂದು ಹೇಳಬೇಕಾಗಿಲ್ಲ. ಆಂಧ್ರದ ನೆಲವು ಬಹುಭಾಗ ಸುತ್ತುವರಿದಿರುವ ಈ ತಾಲೂಕು ಬಂಡೆಗುಡ್ಡಗಳದು, ಮಳೆಗೆ ಬಾಯಿಬಿಡುವ ನೆಲದ್ದು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡಿನ ದೋಷ. ಅಲ್ಲಿಯ ಜನರ ನಾಲಗೆಯ ಮೇಲೆ ಕನ್ನಡವೂ ತೆಲುಗೂ ಒಂದರೊಡನೊಂದು ಬೆರೆತು ಬಾಳುತ್ತವೆ. ನರಸಮ್ಮನವರ ಮನೆಮಾತು ತೆಲುಗು. ಕರ್ನಾಟಕದ ಮಕ್ಕಳನ್ನು ಸಾವಿರಗಟ್ಟಲೆಯಾಗಿ ಕೈಯಲ್ಲಿ ಹಿಡಿದ ಈ ತಾಯಿಯ ಜೋಗುಳದ ಮಾತು ಯಾವದೆಂದು ಕೇಳುವವರು ಯಾರೂ ಇರಲಿಲ್ಲ. ನೋವಿಗೆ ಭಾಷೆಯ ಭೇದವಿಲ್ಲವೆಂಬದನ್ನು ಬಾಣಂತಿಯ ಕೋಣೆಯಷ್ಟು ಚೆನ್ನಾಗಿ ಬೇರೆಲ್ಲಿಯೂ ತಿಳಿಯಲಾಗದು.

ಅಂದಿನ ಕಾಲದ ರೂಢಿಯಂತೆ ಹನ್ನೆರಡನೆಯ ವಯಸ್ಸಿನಲ್ಲಿ ಅವರ ಮದುವೆಯಾಯಿತು. ಪತಿ ಆಂಜಿನಪ್ಪನವರು. ಹನ್ನೆರಡು ಮಕ್ಕಳನ್ನು ಹೆತ್ತು, ಅವರಲ್ಲಿ ನಾಲ್ವರನ್ನು ಎಳೆತನದಲ್ಲಿಯೇ ಕಳೆದುಕೊಂಡರು. ಮೂವರಲ್ಲಿ ಒಬ್ಬರೆಂಬಂತೆ ಮಣ್ಣಿಗೊಪ್ಪಿಸಿದ ಈ ತಾಯಿಯ ಅನುಭವವು ಆ ಕಾಲದಲ್ಲಿ ವಿಶೇಷವಾದದ್ದೇನೂ ಅಲ್ಲ. ೧೯೩೭ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ೧೬೨ ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ತೊಟ್ಟಿಲು ಕಟ್ಟುವಾಗಲೇ ಕುಳಿಯ ನೆನಪಾಗುತ್ತಿದ್ದ ಕಾಲವದು.

ಈ ವಿದ್ಯೆಯನ್ನು ನರಸಮ್ಮನವರಿಗೆ ಕಲಿಸಿದವರು ಅವರ ಅಜ್ಜಿ ಮರಿಗೆಮ್ಮ. ನರಸಮ್ಮನವರ ಐದು ಹೆರಿಗೆಗಳನ್ನು ಮಾಡಿಸಿದವರೂ ಇದೇ ಅಜ್ಜಿ. ಈ ಸಂಗತಿಯನ್ನು ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ಬೇರೆ ವಿದ್ಯೆಗಳಲ್ಲಿ ಶಿಷ್ಯನು ಗುರುವಿನ ಕೆಲಸವನ್ನು ಎದುರಿಗೆ ಕುಳಿತು ನೋಡುವನು. ಇಲ್ಲಿಯಾದರೋ ಶಿಷ್ಯೆಯು ಗುರುವಿನ ಕೈಯನ್ನು ತನ್ನ ಮೈಯಲ್ಲಿಯೇ ಅರಿತಳು. ಎಲ್ಲಿ ಒತ್ತಿದರೆ ನೋವು ತಗ್ಗುವದು, ಯಾವ ಮಾತಿನಿಂದ ಧೈರ್ಯ ಬರುವದು, ಯಾವಾಗ ಸುಮ್ಮನಿರಬೇಕು ಎಂಬದನ್ನು ಆಕೆ ನೋವುಂಡವಳಾಗಿಯೇ ಕಲಿತಳು. ತಾನು ಪಡೆದದ್ದನ್ನು ಇನ್ನೊಬ್ಬಳಿಗೆ ಕೊಡುವದೇ ಆಮೇಲಿನ ಬಾಳಾಯಿತು. ೧೯೪೦ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಬಂಧುವರ್ಗದ ಹೆಂಗಸೊಬ್ಬರ ಹೆರಿಗೆಯಲ್ಲಿ ಅವರು ಮೊದಲು ಕೈಯಿಟ್ಟರು. ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿ ಜನರಿಂದ ಗರ್ಭಿಣಿಯರಿಗೆ ಒದಗುವ ಗಿಡಮೂಲಿಕೆಗಳ ಗುಣವನ್ನೂ ತಿಳಿದುಕೊಂಡರು.

ನಾವು ಗ್ರಂಥಗಳಿಲ್ಲದ ಜನರನ್ನು ಅವಿದ್ಯಾವಂತರೆಂದು ಕರೆಯುವ ಅಭ್ಯಾಸದವರು. ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ, ಒಂದು ಅಕ್ಷರದ ಹಂಗೂ ಇಲ್ಲದೆ, ಎಷ್ಟೋ ತಲೆಗಳಿಂದ ಇಳಿದುಬಂದ ಈ ಅರಿವಿಗೆ ಬೇರೆ ಯಾವ ಹೆಸರಿಡಬೇಕು? ಮೊಮ್ಮಗಳು ಅಜ್ಜಿಯ ಬಳಿಯಲ್ಲಿ ಕುಳಿತುಕೊಂಡಿರುವವರೆಗೂ ಆ ವಿದ್ಯೆ ಇರುವದು. ಆಕೆ ಎದ್ದುಹೋದ ದಿನ ಅದು ಹೋಗುವದು. ಗ್ರಂಥವಿದ್ಯೆಗಿಲ್ಲದ ಭಯವು ಕೈವಿದ್ಯೆಗೆ ಉಂಟು.

ಕೈಯ ಅರಿವು

ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎಲ್ಲಿದೆ, ಅದು ಮೇಲಾಗಿದೆಯೋ ಅಡ್ಡವಾಗಿದೆಯೋ, ಜೀವದ ಮಿಡಿತ ಹೇಗಿದೆ ಎಂಬದನ್ನು ನರಸಮ್ಮನವರು ಹೇಳಬಲ್ಲವರಾಗಿದ್ದರೆಂದು ಅವರನ್ನು ಕಂಡವರು ಬರೆದಿದ್ದಾರೆ. ಇದರಲ್ಲಿ ಮಂತ್ರವೂ ಇಲ್ಲ, ಪವಾಡವೂ ಇಲ್ಲ. ಇಂದಿನ ವೈದ್ಯಕೀಯ ವಿದ್ಯಾರ್ಥಿಗೂ ಹೊಟ್ಟೆಯನ್ನು ಮುಟ್ಟಿ ಮಗುವಿನ ನಿಲುವನ್ನು ತಿಳಿಯುವ ಕ್ರಮವನ್ನು ಕಲಿಸುತ್ತಾರೆ. ವಾರಕ್ಕೆ ನಾಲ್ಕರಂತೆ ಎಪ್ಪತ್ತು ವರ್ಷ ಹೆರಿಗೆ ಮಾಡಿಸಿದರೆ ಹದಿನೈದು ಸಾವಿರದ ಲೆಕ್ಕಕ್ಕೆ ಹತ್ತಿರವಾಗುವದು. ಅಷ್ಟು ಬಸಿರುಗಳನ್ನು ಮುಟ್ಟಿದ ಬೆರಳಿಗೆ ಕಣ್ಣು ಬಂದದ್ದರಲ್ಲಿ ಆಶ್ಚರ್ಯವೇನು?

ಹಳ್ಳಿಯ ಸೂಲಗಿತ್ತಿಯ ಕೆಲಸವನ್ನು ಮಗು ಹುಟ್ಟುವ ಗಳಿಗೆಗೆ ಮಾತ್ರ ಸೀಮಿತವೆಂದು ತಿಳಿಯಬಾರದು. ಚೊಚ್ಚಲ ಬಸುರಿ ತವರಿಗೆ ಬಂದಂದಿನಿಂದ ಅದು ಮೊದಲಾಗುವದು. ಸುಳ್ಳು ನೋವು ಯಾವದು, ನಿಜವಾದ ನೋವು ಯಾವದು ಎಂದು ಗುರುತಿಸಿ ಮನೆಯವರ ಗಾಬರಿಯನ್ನು ತಗ್ಗಿಸುವಳು. ನೋವು ನಿಂತರೆ ನಡೆದಾಡಿಸುವಳು, ಸೊಂಟಕ್ಕೆ ಹರಳೆಣ್ಣೆ ತಿಕ್ಕುವಳು, ಬಿಸಿನೀರು ಎರೆಯುವಳು. ಗರ್ಭಿಣಿಯನ್ನು ಅಂಗಾತ ಮಲಗಿಸಿ ಕಟ್ಟಿಹಾಕದೆ, ಕುಕ್ಕರಗಾಲಿನಲ್ಲಿಯೋ ಗೋಡೆಗೊರಗಿಯೋ ಆಕೆಗೆ ಹಗುರವಾದ ರೀತಿಯಲ್ಲಿ ಕೂಡಿಸುವಳು. ಮಗು ಬಂದ ಬಳಿಕ ಕಸ ಬೀಳುವವರೆಗೆ ಕಾಯುವಳು. ಆಮೇಲೆ ಹತ್ತು ಹನ್ನೊಂದು ದಿನ ನಿತ್ಯವೂ ಬಂದು, ನೆಲದ ಮೇಲೆ ಎರಡೂ ಕಾಲುಗಳನ್ನು ನೀಡಿ, ಮೊಣಕಾಲ ಕೆಳಗೆ ಮಗುವನ್ನು ಬೋರಲಾಗಿಯೂ ಅಂಗಾತವಾಗಿಯೂ ಹೊರಳಿಸಿ ಎಣ್ಣೆಯೊತ್ತಿ ಎರೆಯುವಳು. ಬಾಣಂತಿಗೆ ನೀರು ಹಾಕಿ, ಸಾಂಬ್ರಾಣಿಯ ಹೊಗೆಯಲ್ಲಿ ತಲೆ ಒಣಗಿಸಿ, ಶುಂಠಿಬೆಲ್ಲ, ಸಬ್ಬಸಿಗೆ, ಬೆಳ್ಳುಳ್ಳಿಗಳ ಪಥ್ಯವನ್ನು ಹೇಳುವಳು. ತನ್ನ ಮನೆಯ ಒಲೆ ಹೊತ್ತಿದೆಯೋ ಇಲ್ಲವೋ, ಪರರ ಮನೆಯ ಹಂಡೆಯ ಕೆಳಗೆ ಉರಿ ಕೂಡುವಳು.

ಈ ಎಲ್ಲ ಕೆಲಸಗಳ ಒಳಗಿನ ಗುಣವು ಒಂದೇ. ಅದು ತಾಳ್ಮೆ. ಹಣ್ಣು ತಾನಾಗಿ ಕಳಚುವವರೆಗೆ ಕೊಂಬೆಯನ್ನು ಜಗ್ಗಬಾರದೆಂಬ ಒಕ್ಕಲಿಗರ ವಿವೇಕವೇ ಸೂಲಗಿತ್ತಿಯ ವಿವೇಕ. ೨೦೧೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ಉಪಚಾರವನ್ನು ಕುರಿತು ಹೊರಡಿಸಿದ ಸೂಚನೆಗಳಲ್ಲಿ, ಗರ್ಭದ್ವಾರವು ಗಂಟೆಗೊಂದು ಸೆಂಟಿಮೀಟರಿನಂತೆ ತೆರೆಯಲೇಬೇಕೆಂಬ ಹಳೆಯ ನಿಯಮವನ್ನು ಎಲ್ಲ ಹೆಂಗಸರಿಗೂ ಅನ್ವಯಿಸಬಾರದೆಂದೂ, ಪ್ರತಿಯೊಂದು ಹೆರಿಗೆಗೂ ಅದರದೇ ನಡಿಗೆಯುಂಟೆಂದೂ ಹೇಳಿತು. ಗಡಿಯಾರವನ್ನು ನೋಡಲರಿಯದ ಮರಿಗೆಮ್ಮನಂಥ ಎಷ್ಟೋ ಅಜ್ಜಿಯರು ಈ ಮಾತಿಗೆ ತಲೆದೂಗುತ್ತಿದ್ದರು.

ಲೆಕ್ಕಕ್ಕೆ ಬಾರದವರು

ನರಸಮ್ಮನವರು ತಾವು ಮಾಡಿಸಿದ ಹೆರಿಗೆಗಳ ಪಟ್ಟಿಯನ್ನು ಬರೆದಿಟ್ಟವರಲ್ಲ. ಹದಿನೈದು ಸಾವಿರವೆಂಬದು ನೆನಪಿನ ಮೇಲೆ ನಿಂತ ಅಂದಾಜು. ಲೆಕ್ಕಪತ್ರವಿಲ್ಲದ ಮಾತಿಗೆ ಬೆಲೆಯೇನು ಎಂದು ಕಚೇರಿಯ ಜನರು ಕೇಳಬಹುದು. ಈ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕಾದ ಸಂದರ್ಭವಿದೆ. ಲೆಕ್ಕ ಇಡುವದೇ ಕಸುಬಾಗಿದ್ದ ಸರಕಾರಗಳು ಈ ಹೆಂಗಸರ ಲೆಕ್ಕವನ್ನು ಏಕೆ ಇಡಲಿಲ್ಲ?

ನರಸಮ್ಮನವರು ಸೂಲಗಿತ್ತಿಯ ಕೆಲಸಕ್ಕೆ ಕೈಯಿಟ್ಟ ಆರು ವರ್ಷಗಳ ತರುವಾಯ, ೧೯೪೬ರಲ್ಲಿ, ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯ ಸಮಿತಿಯು ದೇಶದ ಆರೋಗ್ಯಸ್ಥಿತಿಯನ್ನು ಕುರಿತು ತನ್ನ ವರದಿಯನ್ನು ಒಪ್ಪಿಸಿತು. ಆಗ ಇಡೀ ದೇಶದಲ್ಲಿ ಶಿಕ್ಷಣ ಪಡೆದ ದಾಯಿಯರು ಸುಮಾರು ಐದು ಸಾವಿರ. ಎಂದರೆ ಅರವತ್ತು ಸಾವಿರ ಜನಸಂಖ್ಯೆಗೆ ಒಬ್ಬಳು. ಪ್ರತಿ ಸಾವಿರ ಹೆರಿಗೆಗೆ ಇಪ್ಪತ್ತು ತಾಯಂದಿರು ಸಾಯುತ್ತಿದ್ದಾರೆಂದೂ, ವರ್ಷಕ್ಕೆ ಸುಮಾರು ಎರಡು ಲಕ್ಷ ಹೆಂಗಸರು ಬಸಿರುಬಾಣಂತನದ ಕಾರಣದಿಂದ ಇಲ್ಲವಾಗುತ್ತಿದ್ದಾರೆಂದೂ ಆ ಸಮಿತಿ ಅಂದಾಜು ಮಾಡಿತು. ಅರವತ್ತು ಸಾವಿರ ಜನರಲ್ಲಿ ವರ್ಷಕ್ಕೆ ಹುಟ್ಟುವ ಮಕ್ಕಳು ಎರಡು ಸಾವಿರಕ್ಕೆ ಕಡಿಮೆಯಿರಲಾರವು. ಒಬ್ಬ ದಾಯಿ ಎಲ್ಲಿಗೆಂದು ಹೋದಾಳು? ಉಳಿದ ಹೆರಿಗೆಗಳನ್ನೆಲ್ಲ ಮಾಡಿಸಿದವರು ಯಾರು? ವರದಿಯ ಅಂಕಿಗಳೊಳಗೆ ಹೆಸರಿಲ್ಲದ ನರಸಮ್ಮಂದಿರೇ ಅಲ್ಲವೆ? ನುರಿತ ದಾಯಿಯರು ಸಾಕಷ್ಟು ದೊರೆಯುವವರೆಗೆ ಈ ಹಳ್ಳಿಯ ಸೂಲಗಿತ್ತಿಯರಿಗೇ ಶಿಕ್ಷಣ ಕೊಟ್ಟು ಕೆಲಸ ನಡೆಯಿಸಬೇಕೆಂದು ಸಮಿತಿಯೂ ಹೇಳಬೇಕಾಯಿತು. ಅದಕ್ಕೂ ಮೊದಲೇ, ೧೯೦೩ರಲ್ಲಿ, ಲೇಡಿ ಕರ್ಜನ್ ಅವರು ವಿಕ್ಟೋರಿಯಾ ಮಹಾರಾಣಿಯ ಹೆಸರಿನಲ್ಲಿ ಒಂದು ನಿಧಿಯನ್ನು ಕೂಡಿಸಿ ದಾಯಿಯರ ಶಿಕ್ಷಣಕ್ಕೆ ತೊಡಗಿದ್ದರು. ಆ ನಿಧಿಯ ಕೈ ಪಾವಗಡದಂಥ ಮೂಲೆಗಳವರೆಗೆ ಎಟಕುವಂತಿರಲಿಲ್ಲ.

ಸರಕಾರದ ಅಲಕ್ಷ್ಯಕ್ಕಿಂತಲೂ ಹಳೆಯದಾದ ಇನ್ನೊಂದು ಅಲಕ್ಷ್ಯವುಂಟು. ಅದನ್ನು ಮರೆಮಾಚಿ ಅಜ್ಜಿಯನ್ನು ಹೊಗಳುವದು ನ್ಯಾಯವಾಗದು. ಹೆರಿಗೆಯನ್ನು ಮೈಲಿಗೆಯೆಂದೆಣಿಸಿದ ನಮ್ಮ ಸಮಾಜವು ಹೊಕ್ಕಳುಬಳ್ಳಿ ಕೊಯ್ಯುವ ಕೆಲಸವನ್ನು ದೇಶದ ಬಹುಭಾಗಗಳಲ್ಲಿ ತಾನು ಅಸ್ಪೃಶ್ಯವೆಂದು ದೂರವಿಟ್ಟ ಜಾತಿಗಳ ಹೆಂಗಸರ ಪಾಲಿಗೆ ಬಿಟ್ಟಿತ್ತು. ಮಗುವನ್ನು ಎಲ್ಲರಿಗಿಂತ ಮೊದಲು ಮುಟ್ಟಿದ ಕೈಯನ್ನು ಪುಣ್ಯಾಹವಾದ ಮರುದಿನ ಮುಟ್ಟಲೊಲ್ಲದ ಮನೆಗಳಿದ್ದವು. ಒಂದು ಮೊರ ಅಕ್ಕಿ, ಒಂದು ಸೀರೆ, ಎಲೆಯಡಿಕೆ ಇಷ್ಟರಲ್ಲಿ ಜೀವದಾನದ ಬೆಲೆ ತೀರಿತೆಂದು ಭಾವಿಸಿದವರು ಉದಾರಿಗಳೆನಿಸಿಕೊಳ್ಳುತ್ತಿದ್ದರು. ಕೆಲಸವು ಪವಿತ್ರವೆಂದು ಬಾಯಲ್ಲಿ ಹೇಳಿ, ಅದನ್ನು ಮಾಡುವವಳನ್ನು ಹೊಸ್ತಿಲಾಚೆ ನಿಲ್ಲಿಸಿದ ಪಾಪದಲ್ಲಿ ನಮ್ಮ ಹಿರಿಯರ ಪಾಲು ಸಣ್ಣದಲ್ಲ.

ಹಳೆಯದೆಲ್ಲವೂ ಹೊನ್ನಲ್ಲ

ಇಷ್ಟನ್ನು ಓದಿದ ವಾಚಕರಲ್ಲಿ ಕೆಲವರು, ಹಾಗಾದರೆ ಆಸ್ಪತ್ರೆಯನ್ನು ಬಿಟ್ಟು ಮರಳಿ ಸೂಲಗಿತ್ತಿಯ ಬಳಿಗೆ ಹೋಗಬೇಕೆಂದು ಈ ಬರಹದ ಅಭಿಪ್ರಾಯವೋ ಎಂದು ಶಂಕಿಸಬಹುದು. ನಮ್ಮ ಅಭಿಪ್ರಾಯ ಹಾಗಿಲ್ಲ. ಹಳೆಯದನ್ನು ನೆನೆಯುವಾಗ ಹಳೆಯ ಗೋರಿಗಳನ್ನು ಮರೆಯಬಾರದು.

ಕುಡುಗೋಲಿನಿಂದಲೋ ತುಕ್ಕು ಹಿಡಿದ ಅಲಗಿನಿಂದಲೋ ಹೊಕ್ಕಳುಬಳ್ಳಿ ಕೊಯ್ದು, ಅದರ ಮೇಲೆ ಬೂದಿಯನ್ನೋ ಸಗಣಿಯನ್ನೋ ಮೆತ್ತುವ ರೂಢಿಯಿಂದ ಎಷ್ಟು ಲಕ್ಷ ಹಸುಗೂಸುಗಳು ಧನುರ್ವಾಯುವಿಗೆ ತುತ್ತಾದವೆಂಬದನ್ನು ಹೇಳಲು ಬಾರದು. ಹೆತ್ತ ಕೂಡಲೇ ಬರುವ ಮೊದಲ ಹಾಲು ಕೂಸಿಗೆ ಅಮೃತಪ್ರಾಯವಾಗಿರಲು, ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದರು. ಬಾಣಂತಿಗೆ ನೀರು ಕೊಡಬಾರದೆಂಬ ಹಟವೂ ಇತ್ತು. ರಕ್ತಸ್ರಾವವು ಒಮ್ಮೆ ಮಿತಿಮೀರಿದರೆ ಎಂಥ ಚತುರೆಯಾದ ಅಜ್ಜಿಯ ಕೈಯೂ ಅದನ್ನು ತಡೆಯಲಾರದು. ಅಲ್ಲಿ ಔಷಧಿ ಬೇಕು, ಕೊಡಲು ರಕ್ತ ಬೇಕು, ಶಸ್ತ್ರವೈದ್ಯನು ಬೇಕು. ಮಗು ಅಡ್ಡ ಬಿದ್ದಾಗ, ಮಲೆನಾಡಿನ ಮಳೆಯಲ್ಲಿಯೋ ಬಯಲುಸೀಮೆಯ ಬಿಸಿಲಿನಲ್ಲಿಯೋ ಗಾಡಿ ಕಟ್ಟಿ ಹೊರಟು, ಆಸ್ಪತ್ರೆಯ ಬಾಗಿಲನ್ನು ಕಾಣುವ ಮೊದಲೇ ಕಣ್ಣು ಮುಚ್ಚಿದವರ ಕಥೆಯು ಪ್ರತಿಯೊಂದು ಊರಿನಲ್ಲಿಯೂ ಉಂಟು.

ಈ ದುರ್ದೆಸೆಯು ಬಹುಮಟ್ಟಿಗೆ ನೀಗಿದ್ದು ನಮ್ಮ ಕಾಲದ ದೊಡ್ಡ ಗೆಲುವು. ೧೯೯೨-೯೩ರಲ್ಲಿ ನಡೆದ ಮೊದಲನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕಾಲಕ್ಕೆ, ಎಂದರೆ ನರಸಮ್ಮನವರಿಗೆ ಎಪ್ಪತ್ತು ದಾಟಿದಾಗಲೂ, ದೇಶದ ನಾಲ್ಕು ಹೆರಿಗೆಗಳಲ್ಲಿ ಒಂದು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿತ್ತು. ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ಹಳ್ಳಿಹಳ್ಳಿಗೆ ಆಶಾ ಕಾರ್ಯಕರ್ತೆಯರು ಬಂದರು. ೨೦೦೮ರಲ್ಲಿ ಕರ್ನಾಟಕದಲ್ಲಿ ೧೦೮ರ ವಾಹನ ಓಡಲಾರಂಭಿಸಿತು. ೨೦೧೯-೨೧ರ ಸಮೀಕ್ಷೆಯ ವೇಳೆಗೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೭ ಆಸ್ಪತ್ರೆಗಳಲ್ಲಿ ಆದವು. ಲಕ್ಷ ಹೆರಿಗೆಗೆ ಎರಡು ಸಾವಿರ ತಾಯಂದಿರು ಸಾಯುತ್ತಿದ್ದಾರೆಂದು ಭೋರ್ ಸಮಿತಿಯು ಅಂದಾಜು ಮಾಡಿದ ದೇಶದಲ್ಲಿ, ೨೦೧೮-೨೦ರ ಅವಧಿಗೆ ಕರ್ನಾಟಕದ ಆ ಸಂಖ್ಯೆ ೬೯ಕ್ಕೆ ಇಳಿದಿತ್ತು. ಸಾವಿರಕ್ಕೆ ೧೬೨ ಇದ್ದ ಶಿಶುಮರಣವು ೨೦೨೦ರಲ್ಲಿ ನಮ್ಮ ರಾಜ್ಯದಲ್ಲಿ ೧೯. ಬಾಣಂತಿಯರ ಹಾಗೂ ಹಸುಗೂಸುಗಳ ಧನುರ್ವಾಯುವು ಭಾರತದಲ್ಲಿ ನಿವಾರಣೆಯಾಯಿತೆಂದು ೨೦೧೫ರಲ್ಲಿ ಸಾರಲಾಯಿತು. ಈ ಅಂಕಿಗಳನ್ನು ಹಗುರಾಗಿ ಕಾಣುವವನು ಎಂದೂ ಎಳೆಕೂಸಿನ ಕುಳಿ ತೋಡಿದವನಲ್ಲ.

ಆಸ್ಪತ್ರೆಗೆ ಬೇಕಾದ ಅಜ್ಜಿ

ಹಾಗಾದರೆ ಸೂಲಗಿತ್ತಿ ಅಜ್ಜಿಯ ಕಾಲವು ಮುಗಿಯಿತೆಂದು ಒಂದು ಹೂವಿನ ಹಾರ ಹಾಕಿ ಕೈಮುಗಿದರೆ ಸಾಕೆ? ಇಲ್ಲಿಯೇ ನಾವು ವಿಚಾರ ಮಾಡಬೇಕಾದದ್ದು ಇದೆ. ಹಳೆಯ ಹೆರಿಗೆಕೋಣೆಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಅಜ್ಞಾನ ಮತ್ತು ಕೊಳೆ. ಇನ್ನೊಂದು, ಪರಿಚಯದ ಹೆಂಗಸೊಬ್ಬಳು ಮೊದಲಿನಿಂದ ಕೊನೆಯವರೆಗೂ ಬಿಟ್ಟೇಳದೆ ಬಳಿಯಲ್ಲಿ ಕುಳಿತಿರುವ ಭಾಗ್ಯ. ಮೊದಲನೆಯದನ್ನು ಹೊರಗೆ ಹಾಕುವ ಅವಸರದಲ್ಲಿ ಎರಡನೆಯದನ್ನೂ ಹೊರಗೆ ಹಾಕಿದೆವು.

ದೊಡ್ಡ ಆಸ್ಪತ್ರೆಯ ಹೆರಿಗೆಯ ವಿಭಾಗವನ್ನು ಒಮ್ಮೆ ಕಂಡವರು ಇದನ್ನು ಬಲ್ಲರು. ಹಳ್ಳಿಯಿಂದ ಬಂದ ಹತ್ತೊಂಬತ್ತು ಇಪ್ಪತ್ತರ ಹುಡುಗಿಯು ಒಳಗೆ. ಆಕೆಯ ತಾಯಿಯೂ ಅಜ್ಜಿಯೂ ಹೊರಗಿನ ಪಡಸಾಲೆಯಲ್ಲಿ. ಬಾಗಿಲು ತೆರೆದಾಗಲೊಮ್ಮೆ ಎದ್ದು ನಿಲ್ಲುವರು, ಮುಚ್ಚಿದಾಗಲೊಮ್ಮೆ ಕುಳಿತುಕೊಳ್ಳುವರು. ಒಳಗಿರುವ ದಾದಿಯು ಕೆಟ್ಟವಳಲ್ಲ. ಏಕಕಾಲಕ್ಕೆ ಅನೇಕ ಹಾಸಿಗೆಗಳನ್ನು ನೋಡಿಕೊಳ್ಳಬೇಕಾದವಳಿಗೆ ಒಬ್ಬಳ ಕೈ ಹಿಡಿದು ಕುಳಿತಿರಲು ಪುರುಸೊತ್ತಿಲ್ಲ. ಆಕೆಯ ಬಾಯಿಂದ ಕೆಲವು ವೇಳೆ ಬರುವ ಬಿರುಸು ಮಾತು ಆ ಹುಡುಗಿಯ ನೆನಪಿನಲ್ಲಿ ಹೆರಿಗೆಯ ನೋವಿಗಿಂತಲೂ ಹೆಚ್ಚು ಕಾಲ ಉಳಿಯುವದು. ಇನ್ನು ಹಣವುಳ್ಳವರ ಪಾಡು ಬೇರೆ. ೨೦೧೯-೨೧ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ ೩೧ಕ್ಕಿಂತ ಹೆಚ್ಚು ಹೆರಿಗೆಗಳು ಶಸ್ತ್ರಕ್ರಿಯೆಯಿಂದಲೇ ಆದವು. ಶಸ್ತ್ರಕ್ರಿಯೆಯು ಎಷ್ಟೋ ಜೀವಗಳನ್ನು ಉಳಿಸುವದೆಂಬದರಲ್ಲಿ ಸಂದೇಹವಿಲ್ಲ. ಆದರೆ ಕಾಯುವ ತಾಳ್ಮೆಯಿಲ್ಲದ್ದರಿಂದಲೋ, ಮುಹೂರ್ತದ ಮೋಹದಿಂದಲೋ, ಹಣದ ಆಸೆಯಿಂದಲೋ ಹೊಟ್ಟೆ ಕೊಯ್ದರೆ ಅದನ್ನು ವಿಜ್ಞಾನವೆನ್ನಲಾಗದು. ೨೦೨೪ರ ನವೆಂಬರದಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ಹಲವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡು ನಾಡೆಲ್ಲ ಕಳವಳಗೊಂಡಿತು. ಹೆರಿಗೆಯು ಆಸ್ಪತ್ರೆಯೊಳಗಾದ ಮಾತ್ರಕ್ಕೆ ತಾಯಿಯ ಪ್ರಾಣದ ಹೊಣೆಯು ತೀರುವದಿಲ್ಲವೆಂಬದನ್ನು ನಾವು ಬಹು ದೊಡ್ಡ ಬೆಲೆ ತೆತ್ತು ಮತ್ತೊಮ್ಮೆ ಕಲಿಯಬೇಕಾಯಿತು.

ದೇಶದ ಆರೋಗ್ಯಶಾಸ್ತ್ರಜ್ಞರೇ ಈಗ ಅಜ್ಜಿಯ ಕಡೆಗೆ ತಿರುಗಿ ನೋಡುತ್ತಿರುವದು ಸಂತೋಷದ ಸಂಗತಿ. ೨೦೧೬ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸರಕಾರಿ ಆಸ್ಪತ್ರೆಗಳ ಹೆರಿಗೆಕೋಣೆಯಲ್ಲಿ ಗರ್ಭಿಣಿಯ ಜೊತೆಗೆ ಒಬ್ಬ ಹೆಂಗಸು ಇರಬಹುದೆಂದು ಅಪ್ಪಣೆ ಕೊಟ್ಟಿತು. ಆ ಹೆಂಗಸು ಸ್ವತಃ ಹೆರಿಗೆಯ ಅನುಭವವುಳ್ಳವಳಾಗಿರಬೇಕೆಂಬ ಮಾತೂ ಅದರಲ್ಲಿ ಉಂಟು. ಪಡಸಾಲೆಯಲ್ಲಿ ಕುಳಿತ ಅಜ್ಜಿಗೆ ಒಳಗೆ ಬರಲು ಇದಕ್ಕಿಂತ ಸ್ಪಷ್ಟವಾದ ಕರೆ ಯಾವದು ಬೇಕು? ೨೦೧೮ರ ಡಿಸೆಂಬರದಲ್ಲಿ ಭಾರತ ಸರಕಾರವು ಪ್ರಸೂತಿ ದಾಯಿಯರ ಸೇವೆಯನ್ನು ಕುರಿತು ಮಾರ್ಗಸೂಚಿಗಳನ್ನು ಪ್ರಕಟಿಸಿತು. ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ಶಿಕ್ಷಣ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ಕೈಗೇ ಒಪ್ಪಿಸಿ, ತೊಡಕು ತೋರಿದ ಕೂಡಲೆ ವೈದ್ಯರ ಕಡೆಗೆ ಸಾಗಿಸುವ ವ್ಯವಸ್ಥೆಯದು. ಮರಿಗೆಮ್ಮನ ತಾಳ್ಮೆಯನ್ನೂ ಇಂದಿನ ವಿಜ್ಞಾನದ ಶುಚಿತ್ವವನ್ನೂ ಒಂದೇ ಕೈಯಲ್ಲಿಡುವ ಪ್ರಯತ್ನವೆಂದು ಇದನ್ನು ತಿಳಿಯಬಹುದು. ಈ ಮಾರ್ಗಸೂಚಿಗಳು ದಿಲ್ಲಿಯಲ್ಲಿ ಹೊರಬಿದ್ದ ತಿಂಗಳಲ್ಲಿಯೇ ನರಸಮ್ಮನವರು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು.

ಗೌರವಗಳು ಅವರಿಗೆ ಬಾರದೆ ಇರಲಿಲ್ಲ, ಬಂದದ್ದು ತಡವಾಗಿ. ೨೦೧೩ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, ೨೦೧೪ರಲ್ಲಿ ತುಮಕೂರು ವಿಶ್ವವಿದ್ಯಾನಿಲಯದ ಗೌರವ ಡಾಕ್ಟರೇಟ್, ೨೦೧೮ರಲ್ಲಿ ಪದ್ಮಶ್ರೀ. ಆ ವರ್ಷವೇ ಅವರ ಕೊನೆಯ ವರ್ಷ. ಇದು ಅವರೊಬ್ಬರದೇ ಕಥೆಯೂ ಅಲ್ಲ. ೨೦೧೭ರಲ್ಲಿ ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ೨೦೧೮ರಲ್ಲಿ ನರಸಮ್ಮ, ೨೦೧೯ರಲ್ಲಿ ಹುಲಿಕಲ್ಲಿನ ದಾರಿಯುದ್ದಕ್ಕೂ ಆಲದ ಮರಗಳ ಸಾಲು ಬೆಳೆಯಿಸಿದ ತಿಮ್ಮಕ್ಕ, ೨೦೨೦ರಲ್ಲಿ ಹೊನ್ನಳ್ಳಿಯ ತುಳಸಿ ಗೌಡ, ಹೀಗೆ ನಾಲ್ಕು ವರ್ಷಗಳ ಪದ್ಮಶ್ರೀ ಪಟ್ಟಿಗಳಲ್ಲಿ ಕರ್ನಾಟಕದ ನಾಲ್ವರು ಅಜ್ಜಿಯರ ಹೆಸರು ಬಂದಿತು. ತುಳಸಿ ಗೌಡ ೨೦೨೪ರ ಡಿಸೆಂಬರದಲ್ಲಿ, ಸುಕ್ರಜ್ಜಿ ೨೦೨೫ರ ಫೆಬ್ರುವರಿಯಲ್ಲಿ, ತಿಮ್ಮಕ್ಕ ಅದೇ ವರ್ಷದ ನವೆಂಬರದಲ್ಲಿ ತೀರಿಕೊಂಡರು. ಈಗ ನಾಲ್ವರೂ ಇಲ್ಲ. ನಾಲ್ವರದೂ ಕೈವಿದ್ಯೆ ಬಾಯಿವಿದ್ಯೆ. ನಾಲ್ವರನ್ನೂ ನಾಡು ಕಂಡದ್ದು ಅವರ ಬೆನ್ನು ಬಾಗಿದ ಮೇಲೆ. ಪ್ರಶಸ್ತಿ ಕೊಟ್ಟು ಕೈತೊಳೆದುಕೊಳ್ಳುವದು ನಮಗೆ ಅಭ್ಯಾಸವಾಗಿಬಿಟ್ಟರೆ, ಮುಂದೆ ಪ್ರಶಸ್ತಿ ಕೊಡುವದಕ್ಕೂ ಇಂಥವರು ಸಿಕ್ಕಲಾರರು.

ಆದುದರಿಂದ ಅಧಿಕಾರದಲ್ಲಿರುವವರಿಗೆ ನಮ್ಮ ಬಿನ್ನಹವಿಷ್ಟೆ. ಹೆರಿಗೆಯ ಕೋಣೆಯಲ್ಲಿ ಜೊತೆಗಾತಿಯಿರಬಹುದೆಂಬ ಅಪ್ಪಣೆಯು ಕಾಗದದ ಮೇಲೆಯೇ ಉಳಿಯದೆ ಪ್ರತಿಯೊಂದು ತಾಲೂಕು ಆಸ್ಪತ್ರೆಯ ಬಾಗಿಲಲ್ಲಿ ಕನ್ನಡದಲ್ಲಿ ಬರೆದು ತೂಗುಹಾಕಲ್ಪಡಲಿ. ಶಿಕ್ಷಣ ಪಡೆದ ಪ್ರಸೂತಿ ದಾಯಿಯರ ನೇಮಕವು ದೊಡ್ಡ ನಗರಗಳಲ್ಲಿ ನಿಂತುಹೋಗದೆ ಪಾವಗಡದಂಥ ಸೀಮೆಗಳನ್ನು ಮೊದಲು ಮುಟ್ಟಲಿ. ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮುದಿ ಸೂಲಗಿತ್ತಿಯರ ಹೆಸರುಗಳನ್ನು ಬರೆದುಕೊಂಡು, ಅವರ ಕೊನೆಗಾಲದ ಗಂಜಿಗೆ ಆಧಾರ ಮಾಡಿ, ಅವರ ಅನುಭವದ ಮಾತುಗಳನ್ನು ದಾದಿಯರ ಶಾಲೆಗಳಲ್ಲಿ ಕೇಳುವಂತಾಗಲಿ. ಆ ಮಾತುಗಳಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂಬದನ್ನು ವೈದ್ಯರು ತೂರಿ ನೋಡಲಿ. ಕಣಕ್ಕೆ ತರದೆಯೇ ಬೆಳೆಯನ್ನು ಜೊಳ್ಳೆಂದು ಸುಡುವದು ಒಕ್ಕಲಿಗನ ಲಕ್ಷಣವಲ್ಲ.

ಪೇಟೆಯ ಗೃಹಸ್ಥರಾದ ನಮ್ಮ ವಾಚಕರಿಗೂ ಒಂದು ಮಾತು. ನಿಮ್ಮಲ್ಲಿ ಐವತ್ತು ದಾಟಿದ ಅನೇಕರು ಆಸ್ಪತ್ರೆಯಲ್ಲಿ ಹುಟ್ಟಿದವರಲ್ಲ. ಯಾವದೋ ಊರಿನ ಹಿಂದಣ ಕೋಣೆಯಲ್ಲಿ, ಹರಳೆಣ್ಣೆಯ ದೀಪದ ಬೆಳಕಿನಲ್ಲಿ, ನಿಮ್ಮ ತಾಯಿಯ ಕೈಯನ್ನು ಹಿಡಿದು ಕುಳಿತವಳೊಬ್ಬಳಿದ್ದಳು. ನಿಮ್ಮ ಜಾತಕದಲ್ಲಿ ನಕ್ಷತ್ರವೂ ಪಾದವೂ ಬರೆದಿವೆ. ಆಕೆಯ ಹೆಸರು ಬರೆದಿಲ್ಲ. ಮನೆಯಲ್ಲಿ ಹಿರಿಯರು ಇರುವಾಗಲೇ ಆ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಆಕೆ ಇನ್ನೂ ಬದುಕಿದ್ದರೆ ಒಮ್ಮೆ ಹೋಗಿ ಕಂಡುಬನ್ನಿರಿ.